ನೆನಪಿನ ಹೊರೆ ಯಾರ ಹೆಗಲ ಮೇಲೆ



ಗುಲಾಮಗಿರಿ ಮತ್ತು ವರ್ಣದ್ವೇಷ ಮಾಡಿದ ಗಾಯವನ್ನು ಒಂದು ಸಮುದಾಯ ಹೇಗೆ ನೆನೆಯುತ್ತದೆ, ಆ ಗಾಯ ಹೇಗೆ ಮಾಯುತ್ತದೆ ಎಂಬುದು ಇಂದಿನ ವಿಷಯ. ಇದನ್ನು ತತ್ತ್ವದ ಮಾತಾಗಿ ಬಿಡಿಸುವುದಕ್ಕಿಂತ ಒಂದು ಊರಿನ ಕಥೆಯಾಗಿ ಹೇಳುವುದು ಮೇಲು ಅನ್ನಿಸಿತು. ಅಮೆರಿಕದ ತೆಂಕಣ ತುದಿಯಲ್ಲಿ, ಅಲಬಾಮಾ ರಾಜ್ಯದಲ್ಲಿ ಮೊಬೀಲ್ ಎಂಬ ಬಂದರು ನಗರವಿದೆ. ಅದರ ಅಂಚಿನಲ್ಲಿ ಆಫ್ರಿಕಾಟೌನ್ ಎಂಬ ಸಣ್ಣ ಊರು. ಆಫ್ರಿಕಾದಲ್ಲೇ ಹುಟ್ಟಿ ಬೆಳೆದು, ಗುಲಾಮರಾಗಿ ಕಡಲು ದಾಟಿ ಬಂದು, ಬಿಡುಗಡೆಯಾದ ಮೇಲೆ ಕೂಲಿಯ ದುಡ್ಡು ಕೂಡಿಟ್ಟು ನೆಲ ಕೊಂಡವರು ಕಟ್ಟಿದ ಊರು ಅದು.

ಇಂಥ ಮಾತು ಎತ್ತಿದಾಗಲೆಲ್ಲ ಯಾರಾದರೊಬ್ಬರು ಕೇಳುತ್ತಾರೆ: ಮುಗಿದುಹೋದದ್ದನ್ನು ಮತ್ತೆ ಯಾಕೆ ಕೆದಕಬೇಕು? ಕೇಳುವವರಲ್ಲಿ ಎಷ್ಟೋ ಜನ ಒಳ್ಳೆಯ ಮನಸ್ಸಿನವರೇ. ಆದರೆ ಎಲ್ಲರೂ ಮರೆತಾಗಿದೆ, ಕೆಲವರು ಬೇಕೆಂದೇ ನೆನಪಿಸುತ್ತಿದ್ದಾರೆ ಎಂಬ ನಂಬಿಕೆ ಆ ಪ್ರಶ್ನೆಯೊಳಗೆ ಅಡಗಿದೆ. ಅದು ನಿಜವಲ್ಲ. ನೋವು ಉಂಡ ಮನೆಗಳಲ್ಲಿ ಯಾರೂ ಏನನ್ನೂ ಮರೆತಿರುವುದಿಲ್ಲ. ಅಲ್ಲಿ ಅಜ್ಜಿ ಮೊಮ್ಮಕ್ಕಳಿಗೆ ಹೇಳಿರುತ್ತಾಳೆ, ಮೊಮ್ಮಕ್ಕಳು ತಮ್ಮ ಮಕ್ಕಳಿಗೆ ಹೇಳಿರುತ್ತಾರೆ. ಮರೆತಿರುವುದು ಇನ್ನೊಂದು ಮನೆ. ನೆನಪಿನ ಹೊರೆ ಪೂರ್ತಿ ಒಂದೇ ಕಡೆಯ ಹೆಗಲ ಮೇಲೆ ಇರುವವರೆಗೆ ಗಾಯ ಮಾಯುವುದಿಲ್ಲ ಎಂದು ನಾನು ನಂಬಿದ್ದೇನೆ. ಆ ಹೊರೆಗೆ ಇನ್ನೊಂದು ಕಡೆಯವರೂ ಹೆಗಲು ಕೊಟ್ಟಾಗ ಏನಾಗುತ್ತದೆ, ಕೊಡದೆ ಹೋದಾಗ ಏನಾಗುತ್ತದೆ, ಎರಡನ್ನೂ ಮೊಬೀಲ್ ನಗರದ ಕಳೆದ ನೂರಾ ಅರವತ್ತು ವರ್ಷಗಳ ಇತಿಹಾಸದಲ್ಲಿ ಕಾಣಬಹುದು.

ಆಫ್ರಿಕಾದಿಂದ ಗುಲಾಮರನ್ನು ತರುವುದನ್ನು ಅಮೆರಿಕ 1808ರಿಂದ ಕಾನೂನಿನಲ್ಲೇ ನಿಷೇಧಿಸಿತ್ತು. 1820ರ ಕಾನೂನು ಅದನ್ನು ಕಡಲ್ಗಳ್ಳತನವೆಂದು ಕರೆದು ಮರಣದಂಡನೆಯನ್ನೂ ವಿಧಿಸಿತ್ತು. ದೇಶದೊಳಗೆ ಮಾತ್ರ ಗುಲಾಮರನ್ನು ಕೊಳ್ಳುವುದು, ಮಾರುವುದು ನಡೆದೇ ಇತ್ತು. ಹತ್ತಿಯ ಬೆಳೆ ಹಬ್ಬಿದಂತೆ ಅವರ ಬೆಲೆಯೂ ಏರುತ್ತ ಹೋಯಿತು. ಮೊಬೀಲ್‌ನಲ್ಲಿ ಟಿಮೊತಿ ಮೀಹರ್ ಎಂಬ ಸಿರಿವಂತನಿದ್ದ. ಉಗಿದೋಣಿಗಳ ಒಡೆಯ, ಮರ ಕೊಯ್ಯುವ ಸಾಮಿಲ್‌ಗಳ ಒಡೆಯ. ಸರ್ಕಾರದ ಕಣ್ಣು ತಪ್ಪಿಸಿ ಒಂದು ಹಡಗಿನ ತುಂಬ ಆಫ್ರಿಕನ್ನರನ್ನು ತಂದು ತೋರಿಸುತ್ತೇನೆ ಎಂದು ಅವನು ಪಂದ್ಯ ಕಟ್ಟಿದ ಎಂದು ಹೇಳುತ್ತಾರೆ. ವಿಲಿಯಂ ಫಾಸ್ಟರ್ ಎಂಬ ಕಪ್ತಾನ 1855ರಲ್ಲಿ ತಾನೇ ಕಟ್ಟಿಸಿದ್ದ, ಎರಡು ಪಟಕಂಬಗಳ ‘ಕ್ಲೊಟಿಲ್ಡಾ’ ಹಡಗು ಈ ಕೆಲಸಕ್ಕೆ ಗೊತ್ತಾಯಿತು. 1860ರ ಮಾರ್ಚ್‌ನಲ್ಲಿ ಹೊರಟ ಫಾಸ್ಟರ್ ಇಂದಿನ ಬೆನಿನ್ ದೇಶದ ವೀದಾ ಬಂದರು ಸೇರಿದ. ಅಲ್ಲಿಂದ ಸುಮಾರು 110 ಜನರನ್ನು ಹಡಗಿನ ಹೊಟ್ಟೆಯಲ್ಲಿ ತುಂಬಿಕೊಂಡು ಜುಲೈನಲ್ಲಿ ಮೊಬೀಲ್ ಕೊಲ್ಲಿಗೆ ಮರಳಿದ. ಕತ್ತಲಲ್ಲಿ ಅವರನ್ನು ಉಗಿದೋಣಿಗೆ ದಾಟಿಸಿ ಜೌಗುಕಾಡಿನಲ್ಲಿ ಅಡಗಿಸಿಟ್ಟರು. ಸಾಕ್ಷಿ ಉಳಿಯಬಾರದೆಂದು ಹಡಗಿಗೆ ಬೆಂಕಿ ಹಚ್ಚಿ ನದಿಯಲ್ಲಿ ಮುಳುಗಿಸಿದರು. ಮೊಕದ್ದಮೆ ಹೂಡಿದ್ದೇನೋ ಹೌದು, ಆದರೆ ಯಾರಿಗೂ ಶಿಕ್ಷೆಯಾಗಲಿಲ್ಲ. ಅಮೆರಿಕಕ್ಕೆ ಗುಲಾಮರನ್ನು ತಂದ ಹಡಗುಗಳಲ್ಲಿ ನಮಗೆ ತಿಳಿದಿರುವ ಕೊನೆಯದು ಇದು.

ಹೀಗೆ ಬಂದವರಲ್ಲಿ ಕೊಸ್ಸೊಲಾ ಎಂಬ ಹತ್ತೊಂಬತ್ತು ವರ್ಷದ ಯುವಕನೊಬ್ಬನಿದ್ದ. ಅವನ ಊರಿನ ಮೇಲೆ ಬೆಳಗಿನ ಜಾವ ದಾಳಿ ಮಾಡಿ, ಸಿಕ್ಕವರನ್ನು ಕಟ್ಟಿ, ವೀದಾಕ್ಕೆ ನಡೆಸಿ ತಂದು ಮಾರಿದ್ದು ದಹೋಮಿ ರಾಜನ ಪಡೆ. ಆಫ್ರಿಕದ ಒಬ್ಬ ದೊರೆ ಆಫ್ರಿಕದವರನ್ನೇ ಮಾರಿದ ಎಂಬುದು ಈ ಕಥೆಯ ಕಹಿ ಭಾಗ. ಅದನ್ನು ಮುಚ್ಚಿಟ್ಟು ಕಥೆ ಹೇಳಬಾರದು. ಕೊಸ್ಸೊಲಾ ಕೂಡ ಅದನ್ನು ಮುಚ್ಚಿಡಲಿಲ್ಲ. ಹಾಗೆಂದು ಕೊಳ್ಳಲು ಕಡಲು ದಾಟಿ ಹೋದವನ ಹೊಣೆ ಎಳ್ಳಷ್ಟೂ ಕಡಿಮೆಯಾಗುವುದಿಲ್ಲ.

ಅಲಬಾಮಾದಲ್ಲಿ ಕಜ್ಜೊ ಲೂಯಿಸ್ ಎಂದು ಹೆಸರಾದ ಕೊಸ್ಸೊಲಾ ಸುಮಾರು ಐದು ವರ್ಷ ಮೀಹರ್ ಸಹೋದರರ ಉಗಿದೋಣಿಗಳಲ್ಲಿ ದುಡಿದ. ಅಮೆರಿಕದ ಅಂತರ್ಯುದ್ಧದ ಕೊನೆಯಲ್ಲಿ, 1865ರ ಏಪ್ರಿಲ್ 12ರಂದು, ಉತ್ತರದ ಸೈನಿಕರು ದಡದ ಹಿಪ್ಪುನೇರಳೆ ಮರದ ಹಣ್ಣು ಕೀಳಲು ಬಂದರಂತೆ. ದೋಣಿಯಲ್ಲಿದ್ದವರನ್ನು ಕಂಡು, ನೀವಿನ್ನು ಯಾರ ಸೊತ್ತೂ ಅಲ್ಲ, ಎಲ್ಲಿಗೆ ಬೇಕಾದರೂ ಹೋಗಬಹುದು ಎಂದರಂತೆ. ಎಲ್ಲಿಗೆ ಹೋಗುವುದು? ಅವರಿಗೆ ಬೇಕಾಗಿದ್ದುದು ಊರಿಗೆ ಮರಳುವುದು. ಹಡಗಿನ ಖರ್ಚಿಗಾಗುವಷ್ಟು ದುಡ್ಡು ಕೂಡಿಸಲು ಆಗಲಿಲ್ಲ. ಕೊನೆಗೆ ಇಲ್ಲೇ ಒಂದು ಊರು ಕಟ್ಟಿಕೊಳ್ಳೋಣ ಎಂದು ತೀರ್ಮಾನಿಸಿ, ನೆಲ ಕೇಳುವ ಕೆಲಸವನ್ನು ಕೊಸ್ಸೊಲಾನಿಗೆ ಒಪ್ಪಿಸಿದರು.

ಈ ಪ್ರಸಂಗವನ್ನು ಮುದುಕನಾದ ಮೇಲೂ ಅವನು ವಿವರವಾಗಿ ಹೇಳುತ್ತಿದ್ದ. ಕಾಡಿನಲ್ಲಿ ಮರ ಕಡಿಯುತ್ತಿದ್ದಾಗ ಟಿಮೊತಿ ಮೀಹರ್ ಬಂದು ಉರುಳಿಸಿದ ಮರದ ಮೇಲೆ ಕೂತ. ಕೊಸ್ಸೊಲಾ ಕೆಲಸ ನಿಲ್ಲಿಸಿ ನಿಂತ. ನಮಗೆ ನಮ್ಮದೇ ಊರಿತ್ತು, ಮನೆಯಿತ್ತು. ನೀವು ಅಲ್ಲಿಂದ ತಂದು ದುಡಿಸಿಕೊಂಡಿರಿ. ಈಗ ನಮಗೆ ನೆಲವಿಲ್ಲ, ಮನೆಯಿಲ್ಲ. ಒಂದು ತುಂಡು ನೆಲ ಯಾಕೆ ಕೊಡಬಾರದು ಎಂದು ಕೇಳಿದ. ಮೀಹರ್ ಸಿಟ್ಟಿನಿಂದ ಎದ್ದು ನಿಂತು, ನಿಮ್ಮನ್ನು ಚೆನ್ನಾಗಿಯೇ ನೋಡಿಕೊಂಡಿದ್ದೇನೆ, ನಿಮಗೆ ಏನೂ ಕೊಡಬೇಕಾಗಿಲ್ಲ ಎಂಬ ಅರ್ಥದ ಮಾತಾಡಿದ. ಲೆಕ್ಕ ಅಲ್ಲಿಗೆ ಮುಗಿಯಿತು ಎಂದು ಅವನು ಭಾವಿಸಿರಬೇಕು. ನನ್ನ ಮಟ್ಟಿಗೆ ಮುಂದಿನ ನೂರೈವತ್ತು ವರ್ಷಗಳ ಜಗಳವೆಲ್ಲ ಹುಟ್ಟಿದ್ದು ಆ ಉತ್ತರದಲ್ಲಿ.

ಅವರು ಕೈಕಟ್ಟಿ ಕೂರಲಿಲ್ಲ. ಗಂಡಸರು ಸಾಮಿಲ್‌ಗಳಲ್ಲಿ, ಸಿಡಿಮದ್ದಿನ ಕಾರ್ಖಾನೆಯಲ್ಲಿ ದುಡಿದರು. ಹೆಂಗಸರು ತರಕಾರಿ ಬೆಳೆದು ಮೊಬೀಲ್‌ನ ಬೀದಿಗಳಲ್ಲಿ ತಲೆಯ ಮೇಲೆ ಹೊತ್ತು ಮಾರಿದರು. ಹೊಟ್ಟೆಬಟ್ಟೆ ಕಟ್ಟಿ ಉಳಿಸಿದ ಹಣದಿಂದ ನೆಲ ಕೊಂಡರು, ಅದರಲ್ಲಿ ಕೆಲಭಾಗವನ್ನು ಮೀಹರನಿಂದಲೇ. ತಮ್ಮನ್ನು ಕದ್ದು ತಂದವನಿಗೆ ದುಡ್ಡು ಕೊಟ್ಟು ಕೊಂಡ ನೆಲದ ಮೇಲೆ ಮನೆ, ಶಾಲೆ, ಸ್ಮಶಾನ ಎಲ್ಲ ಎದ್ದವು. 1872ರಲ್ಲಿ ಸ್ವಂತ ಚರ್ಚು ಕಟ್ಟಿದರು. ಅಮೆರಿಕದಲ್ಲೇ ಹುಟ್ಟಿದ ಕಪ್ಪು ಜನರೂ ಇವರನ್ನು ಕಾಡುಜನರೆಂದು ಆಡಿಕೊಳ್ಳುತ್ತಿದ್ದರು. ಬೇರೆ ಚರ್ಚು ಬೇಕಾದದ್ದಕ್ಕೆ ಅದೂ ಒಂದು ಕಾರಣ.

ಗಾಯ ಮಾಯುವುದರ ಬಗ್ಗೆ ನನಗೆ ಅತಿ ಹೆಚ್ಚು ಕಲಿಸಿದ ಸಂಗತಿಯೊಂದು ಈ ಊರು ಕಟ್ಟುವ ಹೊತ್ತಿನದು. ಊರಿಗೆ ಒಬ್ಬ ಯಜಮಾನ ಬೇಕಾದಾಗ ಅವರು ಆರಿಸಿದ್ದು ಗುಂಪಾ ಎಂಬುವನನ್ನು. ಗುಂಪಾ ದಹೋಮಿಯವನು, ರಾಜಮನೆತನಕ್ಕೆ ಹತ್ತಿರದವನು. ತಮ್ಮ ಊರು ಸುಟ್ಟು, ತಮ್ಮ ರಾಜನನ್ನು ಕೊಂದು, ತಮ್ಮನ್ನು ಮಾರಿದ ರಾಜ್ಯದವನನ್ನೇ ಯಜಮಾನನ ಸ್ಥಾನದಲ್ಲಿ ಕೂರಿಸಿದರು. ಅವನನ್ನೂ ದಹೋಮಿಯ ದೊರೆ ಮಾರಿಬಿಟ್ಟಿದ್ದ. ಇವನಾಗಿ ನಮಗೆ ಕೇಡು ಮಾಡಲಿಲ್ಲ, ಇವನ ಮೇಲೆ ನಮಗೇಕೆ ಸಿಟ್ಟು ಎಂಬುದು ಅವರ ನ್ಯಾಯ. ಕೇಡು ಮಾಡಿದ ಕುಲಕ್ಕೂ ಕೇಡು ಮಾಡಿದ ವ್ಯಕ್ತಿಗೂ ಇರುವ ವ್ಯತ್ಯಾಸವನ್ನು ಅವರು ಎಲ್ಲ ಕಳೆದುಕೊಂಡ ಮರುಗಳಿಗೆಯಲ್ಲೇ ಕಂಡುಕೊಂಡಿದ್ದರು. ನೆನಪಿಟ್ಟುಕೊಳ್ಳುವುದೆಂದರೆ ಸೇಡು ಸಾಕುವುದು ಎನ್ನುವವರಿಗೆ ಆಫ್ರಿಕಾಟೌನಿನ ಈ ಮೊದಲ ಪಂಚಾಯತಿಯನ್ನು ತೋರಿಸಬೇಕು.

ಕೊಸ್ಸೊಲಾನಿಗೆ ಅಬಿಲೆ ಎಂಬ ಹೆಂಡತಿ. ಅವಳೂ ಅದೇ ಹಡಗಿನಲ್ಲಿ ಬಂದವಳು. ಆರು ಮಕ್ಕಳು. ಪ್ರತಿ ಮಗುವಿಗೂ ಎರಡೆರಡು ಹೆಸರು ಇಟ್ಟರು: ಒಂದು ಆಫ್ರಿಕದ್ದು, ಒಂದು ಇಲ್ಲಿಯದು. ಮಕ್ಕಳು ಒಬ್ಬೊಬ್ಬರಾಗಿ ಅವನ ಕಣ್ಣೆದುರೇ ಹೋದರು. ಒಬ್ಬ ಮಗನನ್ನು ಶೆರೀಫನ ಕಡೆಯವನೊಬ್ಬ ಗುಂಡಿಟ್ಟು ಕೊಂದ, ಒಬ್ಬ ರೈಲಿಗೆ ಸಿಕ್ಕಿದ, ಒಬ್ಬ ಹೋದವನು ಮರಳಿ ಬರಲೇ ಇಲ್ಲ. 1902ರಲ್ಲಿ ಕೊಸ್ಸೊಲಾನಿಗೇ ರೈಲು ಬಡಿದು ದುಡಿಯುವ ಶಕ್ತಿ ಹೋಯಿತು. ದಾವೆ ಹೂಡಿದ, ಜ್ಯೂರಿ 650 ಡಾಲರ್ ಪರಿಹಾರ ಕೊಟ್ಟಿತು, ಮೇಲಿನ ಕೋರ್ಟು ಅದನ್ನೂ ತಳ್ಳಿಹಾಕಿತು. ಕೆಲವು ವರ್ಷಗಳಲ್ಲಿ ಅಬಿಲೆಯೂ ತೀರಿಕೊಂಡಳು. ಆಮೇಲೆ ಅವನು ತಾನೇ ಕಟ್ಟಲು ನೆರವಾದ ಚರ್ಚಿನ ಚಾಕರಿ ನೋಡಿಕೊಂಡು, ಕೇಳಬಂದವರಿಗೆ ಕಥೆ ಹೇಳಿಕೊಂಡು 1935ರವರೆಗೆ ಬದುಕಿದ.

ಕೇಳಬಂದವರಲ್ಲಿ ಜೋರಾ ನೀಲ್ ಹರ್ಸ್ಟನ್ ಮುಖ್ಯಳು. ಕಪ್ಪು ಜನಾಂಗದ ಲೇಖಕಿ, ಮಾನವಶಾಸ್ತ್ರಜ್ಞ ಫ್ರಾಂಜ್ ಬೋಅಸ್‌ರ ಶಿಷ್ಯೆ. 1927-28ರಲ್ಲಿ ಅವನ ಜಗಲಿಯಲ್ಲಿ ಕೂತು, ಪೀಚ್ ಹಣ್ಣನ್ನೋ ಕಲ್ಲಂಗಡಿಯನ್ನೋ ಕೊಂಡೊಯ್ದು, ಅವನಿಗೆ ಮಾತಾಡುವ ಮನಸ್ಸಿಲ್ಲದ ದಿನ ಸುಮ್ಮನೆ ಎದ್ದು ಬಂದು, ಕಥೆಯನ್ನು ಅವನದೇ ಉಚ್ಚಾರದಲ್ಲಿ ಬರೆದುಕೊಂಡಳು. ಮೊದಲ ಭೇಟಿಯಲ್ಲಿ ಕೊಸ್ಸೊಲಾ ಎಂದು ಕರೆದದ್ದಕ್ಕೇ ಮುದುಕನ ಕಣ್ಣು ತುಂಬಿತ್ತು. ಫೋಟೊ ತೆಗೆಯುತ್ತೇನೆ ಎಂದಾಗ ಒಳಗೆ ಹೋಗಿ ಇದ್ದುದರಲ್ಲಿ ಒಳ್ಳೆಯ ಸೂಟು ಹಾಕಿಕೊಂಡು, ಬೂಟು ಮಾತ್ರ ಬಿಟ್ಟು ಬರಿಗಾಲಲ್ಲಿ ಬಂದ. ಆಫ್ರಿಕದಲ್ಲಿ ಇದ್ದಂತೆ ಕಾಣಬೇಕು ಎಂಬುದು ಅವನ ಆಸೆ. ಹಸ್ತಪ್ರತಿ 1931ರಲ್ಲಿ ಸಿದ್ಧವಾಯಿತು. ಮುದುಕನ ಆಡುಮಾತನ್ನು ಶಿಷ್ಟ ಇಂಗ್ಲಿಷಿಗೆ ತಿದ್ದಿಕೊಡಿ ಎಂದು ಪ್ರಕಾಶಕರು ಕೇಳಿದರು. ಹರ್ಸ್ಟನ್ ಒಪ್ಪಲಿಲ್ಲ. ‘ಬ್ಯಾರಕೂನ್’ ಎಂಬ ಆ ಪುಸ್ತಕ ಅಚ್ಚಾದದ್ದು 2018ರಲ್ಲಿ, ಅವಳು ತೀರಿಕೊಂಡು ಐವತ್ತೆಂಟು ವರ್ಷಗಳ ಮೇಲೆ. ನೊಂದವನು ತನ್ನ ನುಡಿಯಲ್ಲೇ ಹೇಳಲಿ ಎಂಬ ಹಟಕ್ಕೆ ಅವಳು ಕೊಟ್ಟ ಬೆಲೆ ಅಷ್ಟು ದೊಡ್ಡದು. ಜಾನಪದ ಸಂಗ್ರಹ ಮಾಡುವ ನಮ್ಮ ವಿದ್ಯಾರ್ಥಿಗಳು ಅವಳ ಹೆಸರನ್ನು ಮರೆಯಬಾರದು.

ಇಲ್ಲಿ ಒಂದು ಮಾತು ನಮ್ಮ ನೆಲದ್ದು. ಪೋರ್ಚುಗೀಸರು ಆಫ್ರಿಕದಿಂದ ಗೋವಾಕ್ಕೆ ಗುಲಾಮರನ್ನು ತಂದರು. ಅವರಲ್ಲಿ ತಪ್ಪಿಸಿಕೊಂಡವರು, ಬಿಡುಗಡೆ ಪಡೆದವರು ಘಟ್ಟದ ಕಾಡು ಸೇರಿದರು. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ತಾಲ್ಲೂಕುಗಳ ಸಿದ್ದಿಗಳು ಅವರ ಸಂತತಿ. ಹಿಂದೂ, ಮುಸ್ಲಿಂ, ಕ್ರೈಸ್ತ ಎಂದು ಮೂರು ಧರ್ಮಗಳಲ್ಲಿ ಹಂಚಿಹೋದರೂ ಒಂದೇ ಸಮುದಾಯವೆಂಬ ಭಾವ ಅವರಲ್ಲಿ ಗಟ್ಟಿಯಾಗಿದೆ. ಹಿರಿಯರ ಪೂಜೆಯಲ್ಲಿ, ಡಮಾಮಿ ವಾದ್ಯದಲ್ಲಿ, ಹೆಂಗಸರು ಹೊಲಿಯುವ ಕೌದಿಯಲ್ಲಿ ಅವರು ತಮ್ಮದನ್ನು ಉಳಿಸಿಕೊಂಡು ಬಂದಿದ್ದಾರೆ. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡಕ್ಕೆ ಸೇರಿದರು. 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡರು. ಇವೆಲ್ಲ ಸಂತೋಷದ ಸಂಗತಿಗಳು. ಆದರೆ ಅವರು ಇಲ್ಲಿಗೆ ಹೇಗೆ ಬಂದರು, ಯಾರ ಮನೆ, ಯಾರ ಗದ್ದೆಗಳಲ್ಲಿ ದುಡಿದರು ಎಂಬ ನೆನಪನ್ನು ಹೊತ್ತವರು ಅವರೇ. ನಾವು ಉಳಿದ ಕನ್ನಡಿಗರು ಅವರ ಕುಣಿತಕ್ಕೆ ಚಪ್ಪಾಳೆ ತಟ್ಟಿ ಮನೆಗೆ ಹೋಗುತ್ತೇವೆ. ಜೋತಿಬಾ ಫುಲೆಯವರು 1873ರಲ್ಲಿ ‘ಗುಲಾಮಗಿರಿ’ ಗ್ರಂಥವನ್ನು, ಕಪ್ಪು ಜನರನ್ನು ಗುಲಾಮಗಿರಿಯಿಂದ ಬಿಡಿಸಲು ದುಡಿದ ಅಮೆರಿಕದ ಸಜ್ಜನರಿಗೆ ಅರ್ಪಿಸಿದ್ದರು. ಅಷ್ಟು ದೂರದ ಸಂಕಟ ಅವರಿಗೆ ತಮ್ಮದೆನಿಸಿತ್ತು. ಹತ್ತಿರದ್ದು ನಮಗೆ ಅನ್ನಿಸಬೇಡವೇ?

ಮತ್ತೆ ಮೊಬೀಲ್‌ಗೆ ಬರುತ್ತೇನೆ. ಆಫ್ರಿಕಾಟೌನ್ ನೆನಪಿಟ್ಟುಕೊಂಡಿತು ಎಂದೆ. ಇನ್ನೊಂದು ಕಡೆ ಏನಾಯಿತು? ಮೀಹರ್ ಮನೆತನ ಮೊಬೀಲ್‌ನ ದೊಡ್ಡ ಭೂಮಾಲೀಕ ಮನೆತನವಾಗಿಯೇ ಉಳಿಯಿತು. ಕೊಲ್ಲಿಯ ತಲೆಯಲ್ಲಿರುವ ಒಂದು ರಾಜ್ಯ ಉದ್ಯಾನಕ್ಕೆ ಇಂದಿಗೂ ಅವರ ಹೆಸರಿದೆ. ಹಡಗಿನ ಮಾತು ಬಂದರೆ ಮೌನ. ಅಂಥ ಹಡಗೇ ಇರಲಿಲ್ಲ, ಅದೊಂದು ಕಟ್ಟುಕಥೆ ಎನ್ನುವವರೂ ಇದ್ದರು. ಒಬ್ಬ ಮನುಷ್ಯ ತಾನು ಅನುಭವಿಸಿದ್ದನ್ನು ಹೇಳಿದಾಗ ಎದುರಿನವನು ಅದು ನಡೆದೇ ಇಲ್ಲ ಎಂದರೆ, ಮೊದಲ ಪೆಟ್ಟಿನ ಮೇಲೆ ಎರಡನೆಯ ಪೆಟ್ಟು ಬಿದ್ದಂತೆ. ಆಫ್ರಿಕಾಟೌನಿನ ಮಕ್ಕಳು ನಾಲ್ಕೈದು ತಲೆಮಾರು ಈ ಎರಡನೆಯ ಪೆಟ್ಟಿನೊಂದಿಗೆ ಬೆಳೆದರು.

2018ರ ಜನವರಿಯಲ್ಲಿ ನದಿಯ ನೀರು ಇಳಿದಿದ್ದಾಗ ಒಬ್ಬ ಪತ್ರಕರ್ತರಿಗೆ ಹಳೆಯ ಹಡಗೊಂದರ ಅವಶೇಷ ಕಂಡಿತು. ಅದು ಕ್ಲೊಟಿಲ್ಡಾ ಆಗಿರಲಿಲ್ಲ, ಬಹಳ ದೊಡ್ಡದಾಗಿತ್ತು. ಆದರೆ ಆ ಗದ್ದಲದಿಂದ ಸರಿಯಾದ ಹುಡುಕಾಟ ಶುರುವಾಯಿತು. ಅಲಬಾಮಾ ರಾಜ್ಯದ ಇತಿಹಾಸ ಆಯೋಗ 2019ರ ಮೇ 22ರಂದು ಕ್ಲೊಟಿಲ್ಡಾ ಸಿಕ್ಕಿದೆ ಎಂದು ಘೋಷಿಸಿತು. ಕೆಸರಲ್ಲಿ ಹೂತ ಒಡಲಿನ ಅಳತೆ ಹಳೆಯ ನೋಂದಣಿ ಪತ್ರದ ಅಳತೆಗೆ ಹೊಂದಿತು: 86 ಅಡಿ ಉದ್ದ, 23 ಅಡಿ ಅಗಲ. ಮರದ ಮೇಲೆ ಸುಟ್ಟ ಗುರುತೂ ಇತ್ತು. ಕೊಸ್ಸೊಲಾ ಹೇಳಿದ್ದು, ಅಜ್ಜಿಯರು ಹೇಳುತ್ತ ಬಂದದ್ದು ಎಲ್ಲ ನಿಜವಾಗಿತ್ತು. ಆ ದಿನ ಆಫ್ರಿಕಾಟೌನಿನವರು ಅತ್ತದ್ದು ಹಡಗು ಕಂಡ ಸಂತೋಷಕ್ಕೆ ಮಾತ್ರವಲ್ಲ, ತಮ್ಮ ಹಿರಿಯರು ಸುಳ್ಳುಗಾರರಲ್ಲ ಎಂದು ಲೋಕ ಒಪ್ಪಿದ್ದಕ್ಕೆ.

ಮೀಹರ್ ಮನೆತನದವರು ಬಾಯಿ ಬಿಡಲು ಇನ್ನೂ ಮೂರು ವರ್ಷ ಹಿಡಿಯಿತು. 2022ರಲ್ಲಿ ಈ ಊರಿನ ಬಗ್ಗೆ ‘ಡಿಸೆಂಡೆಂಟ್’ ಎಂಬ ಸಾಕ್ಷ್ಯಚಿತ್ರ ಬಂತು. ಅದೇ ಹೊತ್ತಿಗೆ ಟಿಮೊತಿಯ ವಂಶದ ಇಬ್ಬರು, ತಮ್ಮ ಪೂರ್ವಜ ಮಾಡಿದ್ದು ಕೆಟ್ಟದ್ದು, ಕ್ಷಮೆಗೆ ಅರ್ಹವಲ್ಲದ್ದು ಎಂದು ಬಹಿರಂಗವಾಗಿ ಹೇಳಿದರು. ಆಫ್ರಿಕಾಟೌನಿನ ಮುಖಂಡರನ್ನು ಭೇಟಿಯಾದರು. ಹಿಂದಿನ ವರ್ಷ ಆ ಮನೆತನ ಊರಿನ ಕಟ್ಟಡವೊಂದನ್ನು 50,000 ಡಾಲರಿಗೆ ನಗರಕ್ಕೆ ಮಾರಿತ್ತು. ಬಡವರಿಗೆ ದಿನಸಿ ಹಂಚುವ ಕೇಂದ್ರಕ್ಕಾಗಿ. ನೂರಾ ಅರವತ್ತು ವರ್ಷಗಳ ಮೌನಕ್ಕೆ ಇದು ಸಣ್ಣದು ಎನ್ನುವವರ ಮಾತನ್ನು ನಾನು ಅಲ್ಲಗಳೆಯುವುದಿಲ್ಲ. ಆದರೂ ಆ ಇಬ್ಬರು ಹೊರೆಯ ಒಂದು ತುದಿಗೆ ಕೈ ಹಾಕಿದರು. ಅವರ ಹಿರಿಯರಲ್ಲಿ ಅಷ್ಟನ್ನು ಮಾಡಿದವರಿಲ್ಲ.

ಹೊರೆ ಹಂಚಿಕೊಳ್ಳುವುದು ಬರಿಯ ಮಾತಿನಲ್ಲಿ ಆಗುವುದಿಲ್ಲ, ಅದಕ್ಕೆ ನ್ಯಾಯದ ತಕ್ಕಡಿಯೂ ಬೇಕು ಎಂಬುದನ್ನು ತೋರಿಸಿದವಳು ಇದೇ ಮೊಬೀಲ್‌ನ ಒಬ್ಬ ತಾಯಿ, ಬ್ಯೂಲಾ ಮೇ ಡೊನಾಲ್ಡ್. 1981ರ ಮಾರ್ಚ್ 20ರ ರಾತ್ರಿ ಅವಳ ಕಿರಿಯ ಮಗ, ಹತ್ತೊಂಬತ್ತು ವರ್ಷದ ಮೈಕೆಲ್, ಅಂಗಡಿಗೆಂದು ಹೋದವನು ಮರಳಲಿಲ್ಲ. ಬೇರೊಂದು ಮೊಕದ್ದಮೆಯಲ್ಲಿ ಒಬ್ಬ ಕಪ್ಪು ಆರೋಪಿಗೆ ಶಿಕ್ಷೆಯಾಗಲಿಲ್ಲವೆಂದು ಸಿಟ್ಟಾದ, ಬಿಳಿಯರ ಮೇಲುಗೈ ಸಾರುವ ಕು ಕ್ಲಕ್ಸ್ ಕ್ಲಾನ್ ಸಂಘಟನೆಯ ಇಬ್ಬರು, ಸಿಕ್ಕ ಕಪ್ಪು ಯುವಕನನ್ನು ಎತ್ತಿಕೊಂಡು ಹೋಗಿ ಕೊಂದು, ನಗರದ ಹರ್ನ್‌ಡನ್ ಬೀದಿಯ ಮರಕ್ಕೆ ನೇತುಹಾಕಿದ್ದರು. ಮಾದಕ ವಸ್ತುವಿನ ವ್ಯವಹಾರವಿರಬೇಕು ಎಂದು ಪೊಲೀಸರು ಮೊದಲು ಶಂಕಿಸಿದರು. ತಾಯಿ ಒಪ್ಪಲಿಲ್ಲ. ಮಗನ ಶವಪೆಟ್ಟಿಗೆಯನ್ನು ತೆರೆದೇ ಇಡಿ, ಏನು ಮಾಡಿದ್ದಾರೆಂದು ಎಲ್ಲರೂ ನೋಡಲಿ ಎಂದಳು. ವರ್ಷಗಳ ಹೋರಾಟದ ಮೇಲೆ ಕೊಲೆಗಾರರು ಸಿಕ್ಕಿದರು. ಇಬ್ಬರಲ್ಲಿ ಒಬ್ಬನಿಗೆ 1997ರಲ್ಲಿ ಮರಣದಂಡನೆ ಜಾರಿಯಾಯಿತು.

ಬ್ಯೂಲಾ ಮೇ ಇಬ್ಬರ ಶಿಕ್ಷೆಗೆ ನಿಲ್ಲಲಿಲ್ಲ. ಅವರನ್ನು ಸಾಕಿದ ಸಂಘಟನೆಯ ಮೇಲೆ, ಯುನೈಟೆಡ್ ಕ್ಲಾನ್ಸ್ ಆಫ್ ಅಮೆರಿಕದ ಮೇಲೆ, ವಕೀಲ ಮಾರಿಸ್ ಡೀಸ್‌ರ ನೆರವಿನಿಂದ ಸಿವಿಲ್ ದಾವೆ ಹೂಡಿದಳು. 1987ರಲ್ಲಿ, ಬರೀ ಬಿಳಿಯರಿದ್ದ ಜ್ಯೂರಿ 70 ಲಕ್ಷ ಡಾಲರ್ ಪರಿಹಾರ ವಿಧಿಸಿತು. ಸಂಘಟನೆ ದಿವಾಳಿಯಾಯಿತು, ಅದರ ಕಚೇರಿ ಕಟ್ಟಡವೇ ಈ ತಾಯಿಯ ಹೆಸರಿಗೆ ಬಂತು. ಅದನ್ನು ಮಾರಿ ಅವಳು ತನಗೊಂದು ಮನೆ ಕೊಂಡಳು. ವಿಚಾರಣೆಯ ನಡುವೆ ಇಬ್ಬರು ಕೊಲೆಗಾರರಲ್ಲಿ ಕಿರಿಯವನು ಅಳುತ್ತ ಅವಳ ಕಡೆ ತಿರುಗಿ ಕ್ಷಮಿಸಿ ಎಂದು ಬೇಡಿದ. ನಿನ್ನನ್ನು ಕ್ಷಮಿಸಿದ್ದೇನೆ ಎಂದು ಅವಳು ಕೂತಲ್ಲಿಂದಲೇ ಹೇಳಿದಳು. ಕ್ಷಮೆಯನ್ನೂ ಕೊಟ್ಟಳು, ದಾವೆಯನ್ನೂ ಹಿಂತೆಗೆಯಲಿಲ್ಲ. ಎರಡೂ ಒಂದೇ ಕೋಣೆಯಲ್ಲಿ, ಒಬ್ಬಳೇ ಹೆಂಗಸಿನಿಂದ. ನೊಂದವರು ಕ್ಷಮಿಸಿದರೆ ಲೆಕ್ಕ ಚುಕ್ತಾ ಎಂದು ಬಯಸುವವರು ಈ ತಾಯಿಯ ಮುಂದೆ ಒಮ್ಮೆ ನಿಲ್ಲಬೇಕು. ಅವಳು ಮರುವರ್ಷವೇ ತೀರಿಕೊಂಡಳು. 2006ರಲ್ಲಿ ಆ ಬೀದಿಗೆ ಮೈಕೆಲ್ ಡೊನಾಲ್ಡನ ಹೆಸರಿಟ್ಟರು.

ಮೊಬೀಲ್‌ನಿಂದ ಸುಮಾರು 270 ಕಿಲೋಮೀಟರ್ ದೂರದ ಮಾಂಟ್‌ಗೊಮರಿಯ ಬಗ್ಗೆ ಹೇಳದೆ ಈ ವಿಷಯ ಪೂರ್ತಿಯಾಗುವುದಿಲ್ಲ. ವಕೀಲ ಬ್ರಯಾನ್ ಸ್ಟೀವನ್‌ಸನ್ ಕಟ್ಟಿದ ‘ಈಕ್ವಲ್ ಜಸ್ಟಿಸ್ ಇನಿಶಿಯೇಟಿವ್’ ಸಂಸ್ಥೆ 2018ರ ಏಪ್ರಿಲ್‌ನಲ್ಲಿ ಅಲ್ಲಿ ಒಂದು ಸ್ಮಾರಕವನ್ನು ತೆರೆಯಿತು. 1877ರಿಂದ 1950ರ ನಡುವೆ ಗುಂಪು ಕೂಡಿ ಕೊಂದ, ಹೆಚ್ಚಿನವರನ್ನು ಮರಕ್ಕೆ ನೇತುಹಾಕಿದ 4,400ಕ್ಕೂ ಹೆಚ್ಚು ಕಪ್ಪು ಜನರ ನೆನಪು ಅದು. ತುಕ್ಕು ಬಣ್ಣದ 800ಕ್ಕೂ ಹೆಚ್ಚು ಉಕ್ಕಿನ ಕಂಬಗಳು. ಒಂದೊಂದು ಕೌಂಟಿಗೆ ಒಂದೊಂದು. ಮೇಲೆ ಕೊಲೆಯಾದವರ ಹೆಸರು. ಒಳ ಹೊಕ್ಕಾಗ ಕಂಬಗಳು ಕಣ್ಣಿನ ಎತ್ತರಕ್ಕಿರುತ್ತವೆ. ನಡೆಯುತ್ತ ಹೋದಂತೆ ನೆಲ ಇಳಿಯುತ್ತದೆ, ಕಂಬಗಳು ತಲೆಯ ಮೇಲೆ ತೂಗತೊಡಗುತ್ತವೆ. ಹೊರಗೆ ಪ್ರತಿ ಕಂಬದ ಜೋಡಿ ಕಂಬ ನೆಲದ ಮೇಲೆ ಸಾಲಾಗಿ ಮಲಗಿದೆ. ಆಯಾ ಕೌಂಟಿಯವರು ಬಂದು ತಮ್ಮ ಪಾಲಿನದನ್ನು ಒಯ್ದು ತಮ್ಮ ಊರಲ್ಲಿ ನಿಲ್ಲಿಸಲಿ ಎಂಬುದು ಕಟ್ಟಿದವರ ಆಶಯ. ಒಯ್ಯದೆ ಬಿಟ್ಟ ಕಂಬವೂ ಒಂದು ಸಾಕ್ಷಿಯೇ: ಆ ಊರು ಇನ್ನೂ ಒಪ್ಪಿಕೊಂಡಿಲ್ಲ ಎಂಬುದಕ್ಕೆ.

ನನಗೆ ಕಂಬಗಳಿಗಿಂತ ಹೆಚ್ಚು ನಾಟಿದ್ದು ಅದೇ ಸಂಸ್ಥೆಯ ಮಣ್ಣಿನ ಕೆಲಸ. ಕೊಲೆ ನಡೆದ ಜಾಗಕ್ಕೆ ಊರಿನವರೇ ಹೋಗುತ್ತಾರೆ. ಅಲ್ಲಿಯ ಮಣ್ಣನ್ನು ತೋಡಿ ಗಾಜಿನ ಭರಣಿಯಲ್ಲಿ ತುಂಬುತ್ತಾರೆ. ಭರಣಿಯ ಮೇಲೆ ಹೆಸರು, ಊರು, ತಾರೀಖು. ಕೆಂಪು, ಕಪ್ಪು, ಮರಳು ಬಣ್ಣದ ನೂರಾರು ಭರಣಿಗಳು ಈಗ ಮಾಂಟ್‌ಗೊಮರಿಯಲ್ಲಿವೆ. ಸ್ಟೀವನ್‌ಸನ್ ತಮ್ಮ ಭಾಷಣಗಳಲ್ಲಿ ಹೇಳುವ ಒಂದು ಪ್ರಸಂಗವಿದೆ. ಮಧ್ಯವಯಸ್ಸಿನ ಕಪ್ಪು ಮಹಿಳೆಯೊಬ್ಬಳು ಒಬ್ಬಳೇ ರಸ್ತೆ ಬದಿಯಲ್ಲಿ ಮಣ್ಣು ತೋಡುತ್ತಿದ್ದಳು. ಟ್ರಕ್ಕಿನಲ್ಲಿ ಹಾದುಹೋದ ಬಿಳಿಯನೊಬ್ಬ ತಿರುಗಿ ಬಂದು ಗಾಡಿ ನಿಲ್ಲಿಸಿದ. ಅವಳಿಗೆ ಭಯ. ಏನು ಮಾಡುತ್ತಿದ್ದೀರಿ ಎಂದು ಕೇಳಿದ. ಗಿಡಕ್ಕೆ ಮಣ್ಣು ಬೇಕಿತ್ತು ಎಂದು ಜಾರಿಕೊಳ್ಳಬಹುದಿತ್ತು. ಅವಳು ನಿಜವನ್ನೇ ಹೇಳಿದಳು. ಅವನು ಅವಳ ಕೈಲಿದ್ದ, ಆ ಕೊಲೆಯ ವಿವರವಿದ್ದ ಹಾಳೆಯನ್ನು ಓದಿ, ನಾನೂ ತೋಡಲೇ ಎಂದ. ಅವಳು ತನ್ನ ಕರಣೆ ಕೊಡಹೋದರೆ ಬೇಡವೆಂದು ಬರಿಗೈಯಲ್ಲೇ ಬಗೆದ. ಸ್ವಲ್ಪ ಹೊತ್ತಿಗೆ ಅವನ ಕಣ್ಣಲ್ಲಿ ನೀರು. ಈ ಕೊಲೆಯಲ್ಲಿ ನಮ್ಮ ಅಜ್ಜನ ಕೈಯೂ ಇದ್ದಿರಬಹುದೇ ಎಂಬ ಹೆದರಿಕೆ ತನ್ನನ್ನು ಕಾಡುತ್ತಿದೆ ಎಂದು ಅವಳಿಗೆ ಹೇಳಿಕೊಂಡ. ಅವನ ಮೇಲೆ ಯಾರೂ ಆರೋಪ ಹೊರಿಸಿರಲಿಲ್ಲ. ಕೈಗೆ ಮಣ್ಣು ಹತ್ತಿದಾಗ ಅವನ ಮನೆಯ ನೆನಪು ತಾನಾಗಿ ಎದ್ದು ಬಂತು. ನಾನು ಆರಂಭದಿಂದ ಹೇಳುತ್ತಿರುವ ಹೆಗಲು ಕೊಡುವುದು ಎಂದರೆ ಇದೇ. ಅದನ್ನು ಕಾನೂನು ಮಾಡಿ ತರಲಾಗದು. ಅದಕ್ಕೊಂದು ಜಾಗ ಮಾಡಿಕೊಡಬಹುದು.

ಆದರೆ ಕಣ್ಣೀರಿನಿಂದ ನೆಲ ಹಿಂತಿರುಗುವುದಿಲ್ಲ. ಕ್ಲೊಟಿಲ್ಡಾದಲ್ಲಿ ಬಂದವರಲ್ಲಿ ಕೊನೆಯವರೆಗೆ ಬದುಕಿದ್ದವಳು ಮಟಿಲ್ಡಾ ಮೆಕ್ರಿಯರ್ ಎಂದು ಇಂಗ್ಲೆಂಡಿನ ಸಂಶೋಧಕಿ ಹ್ಯಾನಾ ಡರ್ಕಿನ್ 2020ರಲ್ಲಿ ತೋರಿಸಿಕೊಟ್ಟರು. ತಾಯಿಯ ಜೊತೆ ಸೆರೆಯಾದಾಗ ಮಟಿಲ್ಡಾಗೆ ಎರಡು ವರ್ಷದ ಪ್ರಾಯ. 1931ರಲ್ಲಿ, ಎಪ್ಪತ್ತು ದಾಟಿದ ಮೇಲೆ, ಅವಳು ಸುಮಾರು 24 ಕಿಲೋಮೀಟರ್ ನಡೆದು ಸೆಲ್ಮಾದ ಕೋರ್ಟಿಗೆ ಹೋದಳು. ನನ್ನನ್ನು ಕದ್ದು ತಂದಿದ್ದಾರೆ, ನನಗೆ ಪರಿಹಾರ ಕೊಡಿ ಎಂದು ಕೇಳಿದಳು. ನ್ಯಾಯಾಧೀಶ ಅವಳ ಕೋರಿಕೆಯನ್ನು ತಳ್ಳಿಹಾಕಿದ. 1940ರಲ್ಲಿ ಅವಳು ತೀರಿಕೊಂಡಳು. ಕೊಸ್ಸೊಲಾ ಮೀಹರನ ಮುಂದೆ ನಿಂತು ಕೇಳಿದ್ದನ್ನೇ ಅವಳು ಸರ್ಕಾರದ ಮುಂದೆ ನಿಂತು ಕೇಳಿದಳು. ಉತ್ತರವೂ ಅದೇ.

ಇವತ್ತಿನ ಆಫ್ರಿಕಾಟೌನಿನಲ್ಲಿ ಆ ಉತ್ತರದ ಫಲ ಕಣ್ಣಿಗೆ ಕಾಣುತ್ತದೆ. ಒಂದು ಕಾಲಕ್ಕೆ 12,000 ಜನರಿದ್ದ ಊರಲ್ಲಿ ಈಗ ಇರುವವರು ಸುಮಾರು 2,000. ಇಪ್ಪತ್ತನೆಯ ಶತಮಾನದಲ್ಲಿ ಸುತ್ತಲೂ ಕಾಗದದ ಕಾರ್ಖಾನೆಗಳು ಬಂದವು. ಕೆಲಸ ಕೊಟ್ಟವು, ಜೊತೆಗೆ ಬೂದಿ, ದುರ್ವಾಸನೆ, ವಿಷವನ್ನೂ ಕೊಟ್ಟವು. ಹೆದ್ದಾರಿ ಅಂಗಡಿ ಬೀದಿಯನ್ನು ತಿಂದುಹಾಕಿತು. ಕಾರ್ಖಾನೆ ಮುಚ್ಚಿದ ಮೇಲೆ ಪೆಟ್ರೋಲಿಯಂ ಟ್ಯಾಂಕುಗಳನ್ನು ತರುವ ಪ್ರಯತ್ನ ನಡೆಯಿತು; ನಿವಾಸಿಗಳು ಎದ್ದು ನಿಂತು ವಿರೋಧಿಸಿದರು. ಮನೆಮನೆಯಲ್ಲಿ ಕ್ಯಾನ್ಸರ್ ಇದೆ ಎಂಬುದು ಅವರ ದೂರು. ಮಣ್ಣು, ನೀರು ಕೆಟ್ಟಿದ್ದಕ್ಕೆ ನೂರಾರು ಜನ ದಾವೆ ಹೂಡಿದರು. ಹಿರಿಯರು ಹಸಿದು ಕೊಂಡ ನೆಲದಲ್ಲಿ ಮೊಮ್ಮಕ್ಕಳು ಉಸಿರಾಡಲು ಹೋರಾಡಬೇಕಾಗಿದೆ. ವರ್ಣದ್ವೇಷದ ಪರಂಪರೆ ಎಂದು ನಾವು ಪುಸ್ತಕದಲ್ಲಿ ಓದುವುದು ಆ ಊರಲ್ಲಿ ಗಾಳಿಯ ವಾಸನೆಯಾಗಿ ಮೂಗಿಗೆ ಬಡಿಯುತ್ತದೆ.

2023ರ ಜುಲೈ 8ರಂದು, ಹಡಗು ಬಂದ ದಿನದ ನೆನಪಿಗೆ, ಊರಲ್ಲಿ ‘ಆಫ್ರಿಕಾಟೌನ್ ಹೆರಿಟೇಜ್ ಹೌಸ್’ ತೆರೆಯಿತು. ಕ್ಲೊಟಿಲ್ಡಾದ ಮರದ ತುಂಡುಗಳು ಅಲ್ಲಿ ನೀರಿನ ತೊಟ್ಟಿಯಲ್ಲಿವೆ. ನೋಡಲು ಜನ ಬರುತ್ತಿದ್ದಾರೆ. ಹಡಗಿನ ಉಳಿದ ಭಾಗವನ್ನು ಏನು ಮಾಡಬೇಕೆಂಬುದರಲ್ಲಿ ಅದರಲ್ಲಿ ಬಂದವರ ವಂಶಜರಿಗೇ ಒಮ್ಮತವಿಲ್ಲ. ಮೇಲೆತ್ತಿ ಲೋಕಕ್ಕೆಲ್ಲ ತೋರಿಸಬೇಕು, ಇಲ್ಲದಿದ್ದರೆ ಮತ್ತೆ ಕಟ್ಟುಕಥೆ ಎನ್ನುತ್ತಾರೆ ಎಂದು ಕೆಲವರು. ಮರ ಬಹಳ ಮೆತ್ತಗಾಗಿದೆ, ಕೆಸರಲ್ಲೇ ಕಾಯುವುದು ಲೇಸು ಎಂಬುದು ತಜ್ಞರ ಸಲಹೆ. ಹಡಗೆತ್ತಲು ಬೇಕಾಗುವ ಕೋಟಿಗಟ್ಟಲೆ ಹಣವನ್ನು ಮೊದಲು ಮನೆಗಳ ದುರಸ್ತಿಗೆ, ಮಣ್ಣಿನ ಶುದ್ಧಿಗೆ, ಊರು ಬಿಟ್ಟವರು ಮರಳಿ ಬರುವಂಥ ಕೆಲಸಗಳಿಗೆ ಹಾಕಿ ಎಂದು ಮತ್ತೆ ಕೆಲವರು. ನನ್ನ ಮನಸ್ಸು ಈ ಕೊನೆಯವರ ಕಡೆಗಿದೆ. ಹಡಗು ನಿಜವೆಂಬುದನ್ನು ಈಗ ಯಾರೂ ಅಲ್ಲಗಳೆಯುತ್ತಿಲ್ಲ. ಕೊಸ್ಸೊಲಾ 1860ರ ದಶಕದಲ್ಲಿ ಕೇಳಿದ್ದು ನೆಲವನ್ನು. ಅವನ ಊರಿನವರು ಇಂದು ಕೇಳುತ್ತಿರುವುದೂ ಆ ನೆಲ ಬದುಕಲು ಯೋಗ್ಯವಾಗಿರಲಿ ಎಂಬುದನ್ನೇ. ಅಲಬಾಮಾ ರಾಜ್ಯವೂ ಮೊಬೀಲ್ ನಗರವೂ ಮೀಹರ್ ಮನೆತನವೂ ಉತ್ತರಿಸಬೇಕಾದ ಪ್ರಶ್ನೆ ಇದು, ಮತ್ತು ಈ ಸಲ ಅವರ ಎದುರು ನಿಂತಿರುವವನು ಒಬ್ಬಂಟಿ ಮರ ಕಡಿಯುವವನಲ್ಲ.